ಎದುರುಮನೆ ಟ್ರೇಲರಿನ ಬಾಗಿಲು

ಮೊನ್ನೆ ಗುಜರಿಯವನು ಎದುರುಮನೆಯ ಟ್ರೇಲರ್ ಬಿಚ್ಚುತ್ತಿದ್ದಾಗ ಬಾಗಿಲ ಕೀಲುಗಳಿಂದ ಹಳೇ ಕೊಬ್ಬರಿ ಎಣ್ಣೆಯ ಕಮಟು ವಾಸನೆ ಬಂತು. ದೊಡ್ಡಮ್ಮನ ಕೈಯ ವಾಸನೆ ಅದು...

ರಕ್ತಸಂಬಂಧವೇನಲ್ಲ, ಎದುರುಮನೆಯವರೆಂದು ದೊಡ್ಡಮ್ಮ ಅನ್ನುತ್ತಿದ್ದೆ. ಅವರ ಯಜಮಾನರದು ತಿಪಟೂರಿನಲ್ಲಿ ಕೊಬ್ಬರಿ ಮಂಡಿ. ಮಹಾ ಒರಟು ಮನುಷ್ಯ. ಬೋರನಕಣಿವೆ ಜಲಾಶಯದ ದಡದಲ್ಲಿ ರಾತ್ರಿ ತಂಗಲೆಂದು, ಜೀಪಿಗೆ ಕಟ್ಟುವ ಟ್ರೇಲರಿನ ಮೇಲೆ ತಾವೇ ಪುಟ್ಟ ಕೋಣೆ ಮಾಡಿಕೊಂಡರು. ಆ ನೀರು ತೋರಿಸಿ ಅಂತ ದೊಡ್ಡಮ್ಮ ಮದುವೆಯಾದಾಗಿನಿಂದ ಕೇಳುತ್ತಿದ್ದರು. ಈ ಸಲ ಕರೆದೊಯ್ಯುತ್ತಾರೆಂದು ನಂಬಿದ್ದರು, ಪಾಪ.

ಕೀಲು ಆರಿಸುವುದೇ ದೊಡ್ಡ ರಾಮಾಯಣವಾಯಿತು. ತೆಳುವಾದದ್ದು ಹುಳಿಯಾರು ರಸ್ತೆಯ ಕುಲುಕಾಟಕ್ಕೆ ತಡೆಯಲ್ಲ ಅಂದರು. ಉದ್ದದ್ದು ಹಾಕಿದರೆ ಬಾಗಿಲು ಪೂರ್ತಿ ತೆರೆಯಲಿಲ್ಲ. ಕಡೆಗೆ ಗೇಟಿಗೆ ಹಾಕುವ ದಪ್ಪ ಕಬ್ಬಿಣದ್ದೇ ಬಂತು. ಅಷ್ಟು ಹೊತ್ತೂ ಬಾಗಿಲನ್ನು ಭುಜಕ್ಕೆ ಆನಿಸಿಕೊಂಡು ನಿಂತವರು ದೊಡ್ಡಮ್ಮ. ದಾರಿಯಲ್ಲಿ ತೆರೆದುಕೊಳ್ಳದಿರಲೆಂದು ಹೊರಗೊಂದು ಚಿಲಕವೂ ಬಿತ್ತು.

ಸರಿಯಾಗಿ ಕೂತಿದೆಯೇ ಎಂದು ಯಜಮಾನರು ಬಾಗಿಲನ್ನು ರಪ್ಪನೆ ಎಳೆದರು. ದೊಡ್ಡಮ್ಮನ ಬೆರಳು ಸಂದಿಯಲ್ಲಿತ್ತು. ನಾನು ಕಾಫಿ ಲೋಟ ಹಿಡಿದು ಅಲ್ಲೇ ನಿಂತಿದ್ದೆ. ಆ ಮನುಷ್ಯ ಮೊದಲು ಬಗ್ಗಿ ನೋಡಿದ್ದು ಕೀಲನ್ನು.

“ಸದ್ಯ, ಸೊಟ್ಟಾಗಿಲ್ಲ ಬುಡು,” ಅಂದರು.

ಬೆರಳ ತುದಿ ಹೋಯಿತು. ಯಜಮಾನರು ಗೆಳೆಯನೊಬ್ಬನನ್ನು ಕೂರಿಸಿಕೊಂಡು ಹೊರಟರು; ಒಳಗೆ ಇಬ್ಬರಿಗಷ್ಟೇ ಜಾಗವಂತೆ. ಕೈಗೆ ಬಟ್ಟೆ ಸುತ್ತಿಕೊಂಡೇ ದೊಡ್ಡಮ್ಮ ಬುತ್ತಿ ಕಟ್ಟಿದರು.

ವರ್ಷಗಳ ಮೇಲೆ ಯಜಮಾನರಿಗೆ ಲಕ್ವ ಹೊಡೆದು ಕಾಲು ಬಿದ್ದುಹೋದವು. ಒಂದು ಬೆಳಿಗ್ಗೆ ದೊಡ್ಡಮ್ಮ ಕೀಲುಗಳಿಗೆ ಎಣ್ಣೆ ಬಿಟ್ಟರು. ಗಂಡನನ್ನು ಎತ್ತಿಸಿ ಟ್ರೇಲರಿನೊಳಗೆ ಮಲಗಿಸಿದರು. ಡ್ರೈವರನ್ನು ಕರೆಸಿ, ನನ್ನನ್ನೂ ಜೀಪಿಗೆ ಹತ್ತಿಸಿಕೊಂಡು ಬೋರನಕಣಿವೆಗೆ ಹೊರಟರು.

ದಡದಲ್ಲಿ ಚಾಪೆ ಹಾಸಿ ಕೂತೆವು. ದೊಡ್ಡಮ್ಮ ಚಿಲಕ ತೆಗೆಯಲಿಲ್ಲ. ಇದ್ದ ಒಂದು ಕಿಟಕಿ ರಸ್ತೆ ಕಡೆಗಿತ್ತು. ಯಜಮಾನರು ಒಳಗಿಂದ ಬಡಿದರು, ಬೈದರು, ಆಮೇಲೆ ಅತ್ತರು. ಅವರೂ ನೀರು ನೋಡಲಿ ಅಂತ ನಾನು ಎದ್ದೆ.

“ಕೂತ್ಕೊಳ್ಳೇ. ಅವರೇ ಕೂರ್ಸಿದ ಬಾಗ್ಲು ಕಣೇ, ಗಟ್ಟಿಯಾಗೈತೆ,” ಅಂದರು ದೊಡ್ಡಮ್ಮ. ಮೊಂಡು ಬೆರಳಲ್ಲೇ ಚಿತ್ರಾನ್ನ ಕಲೆಸಿ ನನ್ನ ಕೈಗೆ ತುತ್ತು ಹಾಕಿದರು. ಹೊತ್ತು ಮುಳುಗುವವರೆಗೂ ನೀರು ನೋಡಿದರು. ನಾನೂ ಮತ್ತೆ ಏಳಲಿಲ್ಲ.

ಈಗ ಇಬ್ಬರೂ ಇಲ್ಲ. ಯಜಮಾನರು ಹೋದಾಗ ನನಗೇನೂ ಅನ್ನಿಸಲಿಲ್ಲ. ದೊಡ್ಡಮ್ಮ ಮಾತ್ರ ಇವತ್ತಿಗೂ ಚಿತ್ರಾನ್ನ ಕಲೆಸುವಾಗಲೆಲ್ಲ ನೆನಪಾಗುತ್ತಾರೆ... ಗುಜರಿಯವನು ಎಷ್ಟು ಬಡಿದರೂ ಕೀಲು ಬಿಡಲಿಲ್ಲ. ಬೈದುಕೊಂಡು, ಕೀಲಿನ ಸಮೇತ ಬಾಗಿಲನ್ನೇ ಕುಯ್ದು ಒಯ್ದ.