ನಳಿಕೆಯ ಆಚೆ ತುದಿ

ದೆವ್ವ, ಶಕುನಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಹೆದರಿಕೆ ಇತ್ತು, ಅದು ಬೇರೆ ಮಾತು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ ಬರುವವನು ನಾನು. ಅಂಥವನ ಹೆಸರಿಗೆ, ಹಿರಿಯ ಮಗನೆಂಬ ಒಂದೇ ಕಾರಣಕ್ಕೆ, ಅಪ್ಪ ತೀರಿಕೊಂಡ ಮೇಲೆ ಅವರ ಪಂಪ್ ಕೋವಿಯ ಲೈಸೆನ್ಸ್ ಬಂತು.

ಕೆಲವು ವರ್ಷಗಳ ಹಿಂದಿನ ಸಂಗತಿ. ಚುನಾವಣೆಗೆಂದು ಠಾಣೆಯಲ್ಲಿಟ್ಟಿದ್ದ ಕೋವಿ ವಾಪಸ್ ಬಂದಿತ್ತು. ಅಂಬ್ಲಿಗೊಳ ಜಲಾಶಯದ ಕೆಳಗಿನ ನಮ್ಮ ಹೊಲದಲ್ಲಿ ಗೋವಿನಜೋಳ ಹಾಲುಗಾಳಾಗಿತ್ತು. ಕಾಡುಹಂದಿಗಳು ದಿನಾ ಸಂಜೆ ನುಗ್ಗಿ ಪೈರು ಮಲಗಿಸಿಹೋಗುತ್ತಿದ್ದವು. ಕಾಯುವವನು ತಮ್ಮ ಶಿವು. ಕೋವಿ ಒರೆಸುವ ಕೆಲಸ ಮಾತ್ರ ನನ್ನದು. ಗುಂಡಿಲ್ಲವೆಂದು ನನ್ನಷ್ಟು ಸಲ ನೋಡುವವರು ಬೇರೆ ಯಾರಿದ್ದಾರೆ?

ಮಧ್ಯಾಹ್ನ ತಾರಸಿಯ ಮೇಲೆ ಗೋಣಿಚೀಲ ಹಾಸಿ ಕೂತೆ. ನಳಿಕೆಯಡಿಯ ಹಿಡಿ ಹಿಂದಕ್ಕೆಳೆದು, ಗುಂಡು ಕೂರುವ ಜಾಗಕ್ಕೆ ಬೆರಳು ತೂರಿಸಿ ನೋಡಿದೆ. ಖಾಲಿ. ಮುಂದಿನ ತಿರುಪು ಮುಚ್ಚಳ ಬಿಚ್ಚಿ ನಳಿಕೆ ಕಳಚಿದೆ. ಆ ಮುಚ್ಚಳವಿಲ್ಲದೆ ನಳಿಕೆ ನಿಲ್ಲುವುದಿಲ್ಲ. ಎಣ್ಣೆಬಟ್ಟೆ ಸುತ್ತಿದ ಕಡ್ಡಿಯಿಂದ ಒಳಗೆಲ್ಲ ಉಜ್ಜಿ, ಅಪ್ಪ ಮಾಡುತ್ತಿದ್ದಂತೆ ನಳಿಕೆಯನ್ನು ಆಕಾಶಕ್ಕೆ ಹಿಡಿದು ಕಣ್ಣಿಟ್ಟೆ. ಒಳಗೆ ಬೆಳ್ಳಗೆ ಹೊಳೆಯುವ ದುಂಡನೆಯ ಬೆಳಕು.

ಆ ಬೆಳಕು ಮುಚ್ಚಿಕೊಂಡಿತು. ಮತ್ತೆ ತೆರೆಯಿತು.

ಆಚೆ ತುದಿಗೆ ಯಾರೋ ಕಣ್ಣಿಟ್ಟು ಮಿಟುಕಿಸಿದ ಹಾಗೆ. ಆಚೆ ತುದಿಯಲ್ಲಿ ಬರೀ ಆಕಾಶ. ಮೋಡವಿರಲಿಲ್ಲ, ಹಕ್ಕಿಯೂ ಇರಲಿಲ್ಲ. ಇನ್ನೊಮ್ಮೆ ನೋಡಿದೆ. ಈ ಸಲ ಕತ್ತಲೆಯೊಳಗೆ ಏನೋ ಒದ್ದೆಯಾಗಿ ಮಿನುಗಿತು. ನಳಿಕೆ ಕೈಜಾರಿ ಬಿತ್ತು.

ಸದ್ದಿಗೆ ಶಿವು ಮೇಲೆ ಬಂದ. "ಆತೇನಣ್ಣ? ಹೊತ್ತು ಇಳೀತು."

"ಇವತ್ತು ಕೊಡಲ್ಲ ಕಣೋ. ತುಕ್ಕೈತಿ."

ಅವನು ನಳಿಕೆಯೆತ್ತಿ ನೋಡಿದ. "ಕನ್ನಡಿ ಇದ್ದಂಗೈತಿ! ತುಕ್ಕು ನಿನ್ ತಲಿಯಾಗೈತಿ."

ನಾನು ಮುಚ್ಚಳವನ್ನು ಜೇಬಿಗೆ ಹಾಕಿಕೊಂಡೆ. ನಳಿಕೆ ಕಣ್ಣು ಮಿಟುಕಿಸಿತೆಂದು ತಮ್ಮನಿಗೆ ಹೇಗೆ ಹೇಳಲಿ?

"ಲೈಸೆನ್ಸ್ ನಿಂದು, ಹಂದಿ ನಂದು. ಚಲೋ ಪಾಲು ಮಾಡೀಯಪ್ಪ," ಎಂದು ಗೊಣಗುತ್ತ ಅವನು ಪಟಾಕಿ ಕಟ್ಟು ಹಿಡಿದು ಹೊಲಕ್ಕೆ ಹೋದ.

ದೀಪ ಹಚ್ಚುವ ಹೊತ್ತಿಗೆ ತಿರುಗಿ ಬಂದವನ ಮುಖದಲ್ಲಿ ರಕ್ತವೇ ಇರಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತು ಹೇಳಿದ: "ಜೋಳ ಅಲ್ಲಾಡ್ತಣ್ಣ. ಪಟಾಕಿ ಹಚ್ಚಿ ಒಗದೆ. ಒಳಗಿಂದ ಪಕ್ಕದ ಹೊಲದ ಗೌರಕ್ಕ ಚೀರಿದ್ಲು. ಕರ ಹುಡುಕ್ತಾ ಬಗ್ಗಿ ಬರ್ತಿದ್ಲಂತೆ. 'ನಿನ್ ಕೈ ಸೇದಿಹೋಗ, ನನ್ನೇನು ಹಂದಿ ಅಂದ್ಕಂಡೇನೋ' ಅಂತ ಬೈದ್ಲು." ಉಳಿದ ಪಟಾಕಿ ಕಟ್ಟನ್ನು ಕೆಳಗಿಟ್ಟು ಅಂದ: "ಕೋವಿ ಇದ್ದಿದ್ರೆ ಹೊಡೀತಿದ್ದೆ."

ನನ್ನ ಜೇಬಿನಲ್ಲಿ ಆ ಮುಚ್ಚಳ ಕೆಂಡದಂತೆ ಸುಡುತ್ತಿತ್ತು.

ಆಮೇಲೆ ಶಿಕಾರಿಪುರದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. "ನಿಮ್ಮ ಕಣ್ಣು ಸರಿ ಇದೆಯಲ್ರೀ," ಎಂದರು. ಹಾಗಾದರೆ ಆಚೆ ತುದಿಯದು ಯಾರದೆಂದು ಅವರನ್ನು ಕೇಳುವ ಹಾಗಿರಲಿಲ್ಲ. ಗೌರಕ್ಕನದಂತೂ ಅಲ್ಲ; ಅವಳು ಆ ಮಧ್ಯಾಹ್ನವಿಡೀ ಸೊರಬದ ಸಂತೆಯಲ್ಲಿದ್ದಳು.

ಕೋವಿ ಒರೆಸುವುದು ಈಗಲೂ ನಾನೇ. ನಳಿಕೆಗೆ ಕಣ್ಣಿಡುವ ಕೆಲಸ ಮಾತ್ರ ಶಿವುವಿಗೆ ಬಿಟ್ಟಿದ್ದೇನೆ. ನಾನೇನು ಕಂಡೆನೆಂದು ಅವನಿಗೆ ಇವತ್ತಿಗೂ ಹೇಳಿಲ್ಲ. ಕಳೆದ ಸಲ ಅವನು ಬಹಳ ಹೊತ್ತು ನೋಡಿದ. ಆಮೇಲೆ ನಳಿಕೆಯನ್ನು ಮೆಲ್ಲಗೆ ಕೆಳಗಿಟ್ಟು, "ಇವತ್ತು ಪಟಾಕಿ ಸಾಕು ಬಿಡಣ್ಣ," ಅಂದ.

ನಾನು ಮುಚ್ಚಳವನ್ನು ಮತ್ತೆ ಜೇಬಿಗೆ ಹಾಕಿಕೊಂಡೆ.