ಡಚ್ಚರ ಹುಡುಗಿ ಮತ್ತು ಮದಗದ ಕೆರೆ

ಮೊನ್ನೆ ನಮ್ಮ ಪತ್ರಿಕೆಯ ಕಚೇರಿಯಲ್ಲಿ ಟೆಲಿಪ್ರಿಂಟರಿನಿಂದ ಹರಿದುಕೊಂಡ ಹಾಳೆಯಲ್ಲಿ ಒಂದು ಸಣ್ಣ ಸುದ್ದಿಯಿತ್ತು. ಹಾಲೆಂಡಿನ ಈಜುಗಾರ್ತಿಯೊಬ್ಬಳು ಯುದ್ಧಕ್ಕೂ ಮೊದಲು ಮಾಡಿದ್ದ ದಾಖಲೆಯನ್ನು ಕೊನೆಗೂ ಯಾರೋ ಮುರಿದಿದ್ದಾರೆ, ಮುರಿದವರನ್ನು ಆಕೆಯೇ ಅಭಿನಂದಿಸಿದ್ದಾಳೆ. ಅದನ್ನು ಎರಡು ಸಾಲಿಗೆ ಇಳಿಸುವುದು ನನ್ನ ಕೆಲಸ, ಇಳಿಸಿದೆ. ಹಾಳೆಯನ್ನು ಬುಟ್ಟಿಗೆ ಹಾಕಲು ಮಾತ್ರ ಕೈ ಬರಲಿಲ್ಲ. ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ: ಆ ಹುಡುಗಿಯ ಬಗ್ಗೆ ನಾನೊಮ್ಮೆ ಸುಳ್ಳು ಸುದ್ದಿ ಓದಿದವನು.

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಸಿ ಮಾಸೂರಿನ ಮನೆಯಲ್ಲಿ ಸುಮ್ಮನೆ ಕೂತಿದ್ದ ಕಾಲ. ಹಿರೇಕೆರೂರಿನಿಂದ ಯಾರಾದರೂ ಪತ್ರಿಕೆ ತಂದರೆ ಕಟ್ಟೆಯ ಮೇಲೆ ನಾನೇ ಗಟ್ಟಿಯಾಗಿ ಓದಬೇಕು. ಗಂಡಸರಿಗೆ ಹತ್ತಿಯ ಧಾರಣೆ ಬೇಕು. ನಮ್ಮ ಕಾಕಾನ ಹೆಂಡತಿ, ಚಿಗವ್ವ ನೀಲವ್ವನಿಗೆ ಬೇಕಾದದ್ದು ಆ ಹಾಲೆಂಡಿನ ಈಜುಗಾರ್ತಿ, ಡಚ್ಚರ ಹುಡುಗಿ. ಒಮ್ಮೆ ಅಚ್ಚಾಗಿದ್ದ ಅವಳ ಚಿತ್ರವನ್ನು ಚಿಗವ್ವ ಪೆಟ್ಟಿಗೆಯಲ್ಲಿಟ್ಟಿದ್ದಳು. ತವರಿನ ಬಾವಿಯಲ್ಲಿ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವಳು ಚಿಗವ್ವ. ಮದುವೆಯಾದ ಮೇಲೆ ನೀರಿಗಿಳಿದದ್ದು ಬಟ್ಟೆ ಒಗೆಯಲು ಮಾತ್ರ.

"ಆಕಿ ಹೆಂಗದಾಳೋ?" ಎಂದು ಬೀಗರ ಮನೆಯ ಹುಡುಗಿಯನ್ನು ಕೇಳಿದಂತೆ ಕೇಳುತ್ತಿದ್ದಳು.

ಯುದ್ಧ ಬಂತು. ಹಾಲೆಂಡ್ ಜರ್ಮನರ ವಶವಾಯಿತು. ಪತ್ರಿಕೆಯಲ್ಲಿ ಈಜಿಗೆ ಜಾಗವಿಲ್ಲ.

"ಇವತ್ತೂ ಇಲ್ಲೇನ? ಸತ್ತಾಳೋ ಇದ್ದಾಳೋ, ಅಷ್ಟರ ಬರೀಬಾರದ ಆ ಮಂದಿ?"

ಅವಳ ಮುಖ ನೋಡಲಾಗದೆ ಒಂದು ದಿನ ಪತ್ರಿಕೆಯಲ್ಲಿಲ್ಲದ ಸಾಲು ಓದಿದೆ: ಹುಡುಗಿ ಜರ್ಮನರ ಕಣ್ಣು ತಪ್ಪಿಸಿ, ಕಡಲನ್ನು ಈಜಿ ದಾಟಿ ಇಂಗ್ಲೆಂಡ್ ಸೇರಿದಳು. ಭೂಗೋಳದಲ್ಲಿ ನನಗೆ ಒಳ್ಳೆಯ ಅಂಕ ಬಂದಿದ್ದವು, ಆ ಕಡಲು ಈಜಿ ದಾಟುವಂಥದ್ದಲ್ಲವೆಂದು ತಿಳಿದಿರಬೇಕಿತ್ತು. ನೆನೆದರೆ ಈಗ ನಾಚಿಕೆ.

"ಕಡಲ ದಾಟ್ಯಾಳಂತ! ನನಗ ಈ ಮದಗದ ಕೆರಿ ಯಾವ ಲೆಕ್ಕ?" ಎಂದಳು ಚಿಗವ್ವ. ಚೇಷ್ಟೆಯೆಂದುಕೊಂಡೆ.

ಮಳೆಗಾಲ ಕಳೆದು ನಮ್ಮೂರ ಮದಗದ ಕೆರೆ ತುಂಬಿತ್ತು. ಬಟ್ಟೆ ಒಗೆಯಲು ಹೋದ ಚಿಗವ್ವ ಕಚ್ಚೆ ಬಿಗಿದು ನೀರಿಗೆ ಬಿದ್ದಳೆಂದು ಪಕ್ಕದ ಮನೆಯವಳು ಕೂಗಿಕೊಂಡು ಬಂದಳು. ಕಾಕಾ, ನಾನು ಓಡಿದೆವು. ಕೆರೆಯ ನಡುವೆ ಒಂದು ತಲೆ ಕಾಣುತ್ತಿತ್ತು.

"ಚಿಗವ್ವಾ, ಹೊಳ್ಳಿ ಬಾ! ನಾ ಸುಳ್ಳ ಓದೀನಿ!"

ಗಾಳಿ ಎದುರಿತ್ತು, ಕೇಳಿಸಿರಲಾರದು. ಕಾಕಾನಿಗೆ ಕೇಳಿಸಿತು. "ಏನ ಓದಿಯೋ ಆಕಿಗೆ, ಹುಚ್ಚಪ್ಪಾ?" ಎಂದ. ಅಷ್ಟರಲ್ಲಿ ತಲೆ ಕಾಣದಾಯಿತು. ಮತ್ತೆ ಕಂಡಿತು. ಆ ನಡುವಿನ ಹೊತ್ತು ಎಷ್ಟಿತ್ತೋ ಹೇಳಲಾರೆ. ನನ್ನ ಲೆಕ್ಕ ಅಲ್ಲಿ ನಂಬುವಂಥದ್ದಲ್ಲ.

ದಂಡೆ ಸುತ್ತಿ ಆಚೆ ಮುಟ್ಟುವಷ್ಟರಲ್ಲಿ ಆಕೆ ಬಂಡೆಯ ಮೇಲೆ ಕೂತು ಸೆರಗು ಹಿಂಡುತ್ತಿದ್ದಳು. ಅಳುತ್ತಲೇ ಎಲ್ಲ ಒಪ್ಪಿಕೊಂಡೆ.

"ಅಂದ್ರ ಆಕಿ ದಾಟಿಲ್ಲ?"

"ಇಲ್ಲ ಚಿಗವ್ವ. ಆಕಿ ಸುದ್ದೀನ ಬಂದಿಲ್ಲ."

ಹಿಂಡಿದ ಸೆರಗನ್ನು ಹೊದ್ದುಕೊಂಡಳು. "ಪಾಪ, ಎಲ್ಲಿದ್ದಾಳೋ. ಹಂಗಾರ ದಾಟಿದಾಕಿ ನಾ ಒಬ್ಬಾಕೀನ." ಆಮೇಲೆ ಕಾಕಾನ ಕಡೆ ತಿರುಗಿ, "ಏನ ನೋಡಾಕತ್ತೀರಿ? ಒಣ ಸೀರಿ ತರ್ರಿ" ಎಂದಳು.

ಅಂದಿನಿಂದ ಇಲ್ಲದ ಸಾಲನ್ನು ನಾನು ಓದಿಲ್ಲ, ಬರೆದೂ ಇಲ್ಲ. ಶಿಸ್ತು ಕಲಿತದ್ದು ಕಚೇರಿಯಲ್ಲೆಂದು ಇಷ್ಟು ವರ್ಷ ಹೇಳಿಕೊಂಡು ಬಂದೆ. ಇನ್ನು ಹಾಗೆ ಹೇಳಲಾರೆ. ಇವತ್ತು ಚಿಗವ್ವನಿಗೆ ಕಾಗದ ಹಾಕಿದೆ, ಈ ಸಲ ಬೇರೆಯವರು ಓದಿ ಹೇಳಲಿ: ಹುಡುಗಿ ಬದುಕಿದ್ದಾಳೆ. ಅವಳ ದಾಖಲೆ ಮುರಿಯಿತು. ಊರವರನ್ನು ವಿಚಾರಿಸಿಯೇ ಬರೆಯುತ್ತಿದ್ದೇನೆ, ನಿನ್ನದು ಇನ್ನೂ ಹಾಗೇ ಇದೆ.