ಅತ್ತೆ ಹೊಗಳಿದ ದಿನ

ಇಸ್ತ್ರಿಯವನ ಅತ್ತೆ ಅಳಿಯನ ಜೊತೆ ನೇರವಾಗಿ ಮಾತಾಡಿದವಳಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ಅವಳ ಮಾತೆಲ್ಲ ಮಗಳ ಮೂಲಕವೇ. ಅಳಿಯ ಎರಡಡಿ ದೂರದಲ್ಲಿ ನಿಂತಿದ್ದರೂ, "ನಿನ್ನ ಗಂಡನಿಗೆ ಹೇಳು, ಬನಿಯನ್ ತಿರುಗಮುರುಗ ಹಾಕ್ಕೊಂಡಿದ್ದಾನೆ ಅಂತ" ಎನ್ನುತ್ತಿದ್ದಳು. ಮಗಳು ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ, "ಕೇಳಿಸ್ತಲ್ಲ ರೀ" ಎನ್ನುತ್ತಿದ್ದಳು. ಅಲ್ಲಿಗೆ ಟಪಾಲು ವಿಲೇವಾರಿ.

ಕೆಳಗೆ ಅಂಗಡಿ, ಅದರ ಹಿಂದೊಂದು ಕೋಣೆ, ಮೇಲೆ ತಗಡು ಹೊದಿಸಿದ ಇನ್ನೊಂದು ಕೋಣೆ. ಮೇಲಿನದು ಅತ್ತೆಯದು. ಆ ವರ್ಷದ ಬಿಸಿಲಿಗೆ ತಗಡು ಹೆಂಚಿನಂತೆ ಕಾಯುತ್ತಿತ್ತು. "ಕೆಳಗೇ ಬಂದು ಇರಮ್ಮ" ಎಂದು ಮಗಳು ಕರೆದರೆ, "ನಿನ್ನ ಗಂಡನ ಗೊರಕೆಗಿಂತ ಸೆಕೆಯೇ ವಾಸಿ" ಎಂಬ ಉತ್ತರ. ಇಸ್ತ್ರಿಯವನಿಗೆ ಒಳಗೊಳಗೇ ಅದು ಅನುಕೂಲವಾಗಿಯೇ ಇತ್ತು. ಒತ್ತಾಯ ಮಾಡಲು ಹೋಗಲಿಲ್ಲ. ದಿನವಿಡೀ ಕೆಂಡದ ಪೆಟ್ಟಿಗೆ ತಳ್ಳುವ ತನಗಿಂತ ಸೆಕೆಯನ್ನು ಬಲ್ಲವರು ಯಾರು ಎಂಬ ಜಂಬ ಬೇರೆ.

ಮೇಲಿನಿಂದ ಅರ್ಧ ಗಂಟೆಗೊಂದು ದೂರು ಬರುವುದು ವಾಡಿಕೆ. ಆ ದಿನ ಗಂಟೆ ಹನ್ನೆರಡಾದರೂ ಒಂದೂ ಬರಲಿಲ್ಲ. ಮೊದಮೊದಲು ಇಸ್ತ್ರಿಯವನು ಆ ಶಾಂತಿಯನ್ನು ಹಾಯಾಗಿ ಅನುಭವಿಸಿದ. ಆಮೇಲೆ ಯಾಕೋ ಅಂಗಿಯ ಕಾಲರು ಒತ್ತುತ್ತಿದ್ದ ಕೈ ಅಲ್ಲೇ ನಿಂತುಬಿಟ್ಟಿತು. ಒಂದು ಚೊಂಬು ನೀರು ಹಿಡಿದು ಮೆಟ್ಟಿಲು ಹತ್ತಿದ.

ಅತ್ತೆ ಗೋಡೆಗೊರಗಿ ಕೂತಿದ್ದಳು. ಮುಖ ಕೆಂಪೇರಿತ್ತು, ಹಣೆಯ ಮೇಲೆ ಒಂದು ಹನಿ ಬೆವರೂ ಇರಲಿಲ್ಲ. ಅವನನ್ನು ನೋಡಿ ನಕ್ಕಳು.

"ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ. ನಿಮ್ಮಂಥವರು ಸಿಗೋಕೆ ನನ್ನ ಮಗಳು ಪುಣ್ಯ ಮಾಡಿದ್ಲು."

ಅವನು ಚೊಂಬನ್ನು ಅಲ್ಲೇ ಇಟ್ಟು ಓಡಿದ. ಮೆಟ್ಟಿಲ ತುದಿಯಿಂದ ಕೂಗಿದ: "ಲೇ, ಬೇಗ ಬಾ. ನಿಮ್ಮಮ್ಮ ನನ್ನನ್ನ ಹೊಗಳ್ತಿದ್ದಾರೆ."

ಮಿಷನ್ನಿನ ಸದ್ದು ಗಕ್ಕನೆ ನಿಂತಿತು. "ಯಾರ ಹತ್ರ?"

"ನನ್ನ ಹತ್ರಾನೇ. ನೇರವಾಗಿ."

"ಅಯ್ಯೋ ದೇವ್ರೇ. ನಾನು ಆಂಬುಲೆನ್ಸಿಗೆ ಫೋನ್ ಮಾಡ್ತೀನಿ, ನೀವು ಅಮ್ಮನ್ನ ಕೆಳಗೆ ಎತ್ಕೊಂಡು ಬನ್ನಿ."

ಮುಟ್ಟಿದರೆ ಅತ್ತೆಯ ಮೈ ಸುಡುತ್ತಿತ್ತು. ಎತ್ತಿ ತಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿಸಿದ. ಗಿರಾಕಿಯ ಬಟ್ಟೆಯಲ್ಲಿ ಬೆವರು ಕೂಡ ಒರೆಸಿಕೊಳ್ಳಬಾರದು ಎಂದು ಇಪ್ಪತ್ತೈದು ವರ್ಷ ನಡೆದುಕೊಂಡು ಬಂದವನು, ಲಾಡ್ಜಿನವರ ಎರಡು ಬಿಳಿ ಬೆಡ್‌ಶೀಟು ಎಳೆದು ಬಕೆಟ್ಟಿನಲ್ಲಿ ಅದ್ದಿ ಅತ್ತೆಗೆ ಸುತ್ತಿದ. ಹೆಂಡತಿ ರಟ್ಟು ಹಿಡಿದು ಬೀಸತೊಡಗಿದಳು. ಅವನು ಇಸ್ತ್ರಿ ಮೇಜಿನ ನೀರಿನ ಬಟ್ಟಲು ತಂದು ಮುಖ, ಕುತ್ತಿಗೆಗೆ ನೀರು ಚಿಮುಕಿಸುತ್ತಲೇ ಇದ್ದ. ಸಾವಿರಾರು ಅಂಗಿಗಳನ್ನು ನೆನೆಸಿದ ಕೈ. ಒಂದಂಗುಲವೂ ಒಣಗಲು ಬಿಡಲಿಲ್ಲ.

"ಅತ್ತೆ, ಏನಾದ್ರೂ ಬೈಯ್ರಿ" ಎಂದು ಅಂಗಲಾಚಿದ.

"ಪಾಪ, ಎಷ್ಟು ಕಷ್ಟಪಡ್ತೀರಿ" ಎಂದಳು ಅತ್ತೆ. ಇಸ್ತ್ರಿಯವನು ಇನ್ನೊಂದು ಬೊಗಸೆ ನೀರು ಸುರಿದ. ತಾನು ಒಂದೇ ಒಂದು ಸಲ ಬಾಯಿಬಿಟ್ಟು ಕೆಳಗೆ ಕರೆದಿದ್ದರೆ ಎಂದುಕೊಳ್ಳುವಷ್ಟರಲ್ಲಿ ಆಂಬುಲೆನ್ಸ್ ಬಂತು.

ಆಸ್ಪತ್ರೆಯಲ್ಲಿ ಎರಡು ಬಾಟಲಿ ಡ್ರಿಪ್ ಇಳಿದ ಮೇಲೆ ಡಾಕ್ಟರು ಹೇಳಿದರು: "ಒದ್ದೆ ಬಟ್ಟೆ ಸುತ್ತಿದ್ದು ಒಳ್ಳೇದಾಯ್ತು. ಸೆಕೆ ಹೊಡೆದು ಏರಿದ್ದ ಮೈ ಬಿಸಿ ಇಳಿದಿದೆ. ಮಂಕು ಹೋಗಿದೆಯಾ ಅಂತ ನೋಡ್ಬೇಕು." ಇಸ್ತ್ರಿಯವನನ್ನು ತೋರಿಸಿ ಕೇಳಿದರು, "ಅಜ್ಜಿ, ಇವರು ಯಾರು ಗೊತ್ತಾಗುತ್ತಾ?"

ಅತ್ತೆ ಅವನನ್ನೇ ದಿಟ್ಟಿಸಿದಳು. ಅವಳು ಮೆಲ್ಲಗೆ ಮಗಳ ಕಡೆ ಮುಖ ತಿರುಗಿಸಿದಳು.

"ನಿನ್ನ ಗಂಡನಿಗೆ ಹೇಳು, ಹೊದಿಸಿದ ಬಟ್ಟೆ ತುಂಬ ಸುಕ್ಕಾಗಿತ್ತು ಅಂತ."

"ಕೇಳಿಸ್ತಲ್ಲ ರೀ" ಎಂದಳು ಮಗಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

ಡಾಕ್ಟರು ಹುಬ್ಬುಗಂಟಿಕ್ಕಿದರು. "ಇನ್ನೂ ಸ್ವಲ್ಪ ಗೊಂದಲ ಇದ್ದಂಗಿದೆ."

"ಇಲ್ಲ ಡಾಕ್ಟ್ರೇ" ಎಂದ ಇಸ್ತ್ರಿಯವನು, ಸಿಕ್ಕ ಸ್ಟೂಲಿನ ಮೇಲೆ ಕುಸಿದು ಕೂತು. "ಪೂರ್ತಿ ಗುಣ ಆಗಿದ್ದಾರೆ."

ಮರುದಿನ ಅತ್ತೆ ಮನೆಗೆ ಬರುವ ಮೊದಲೇ ಅವಳ ಮಂಚ ಕೆಳಗಿಳಿದಿತ್ತು. ಗೊರಕೆಯ ಸಮೇತ ಅವನ ಚಾಪೆ ಅಂಗಡಿಗೆ ಹೋಗಿತ್ತು. ಅತ್ತೆ ಎರಡನ್ನೂ ನೋಡಿದಳು, ಮಂಚದ ಮೇಲೆ ಕೂತಳು.

"ನಿನ್ನ ಗಂಡನಿಗೆ ಹೇಳು" ಎಂದಳು, "ಮಂಚ ಸೊಟ್ಟಗಿದೆ ಅಂತ."

ಇಸ್ತ್ರಿಯವನು ಸಂತೋಷದಿಂದ ಹೋಗಿ ಮಂಚವನ್ನು ನೆಟ್ಟಗೆ ಮಾಡಿದ.